ಕಪಾಟಿನ ಬಾಗಿಲು

ಬಾಗಿಲು ಮತ್ತೆ ಕೂರಲಿಲ್ಲ. ಮೇಲಿನ ಮೂಲೆ ಚೌಕಟ್ಟಿಗೆ ತಾಕಿ ಅಲ್ಲೇ ನಿಂತುಬಿಟ್ಟಿತು. ಸುಷ್ಮಿತಾ ಸ್ಕ್ರೂಗಳನ್ನು ಬಿಚ್ಚಿ, ಬಾಗಿಲನ್ನು ಗೋಡೆಗೊರಗಿಸಿ, ಶೆಡ್ಡಿನ ನೆಲದ ಮೇಲೆ ಕಾಲು ಚಾಚಿ ಕುಳಿತಳು. ಬೆಳಗಿನಿಂದ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿತ್ತು. ಸುತ್ತಲೂ ವೈಂಡಿಂಗಿಗೆ ಬಂದ ಪಂಪ್‌ಸೆಟ್ ಮೋಟರುಗಳು ಬಿಚ್ಚಿದ ಹಾಗೇ ಬಿದ್ದಿದ್ದವು. ಆ ಕೆಲಸ ಬಿಟ್ಟು, ಮುರಿದ ಮಂಚದ ಹಲಗೆ, ಪ್ಯಾಕಿಂಗ್ ಪೆಟ್ಟಿಗೆಯ ಪ್ಲೈವುಡ್ ಹರಡಿಕೊಂಡು ತನ್ನ ಸಾಮಾನಿಗೆ ತಾನೇ ಕಪಾಟು ಮಾಡಿಕೊಳ್ಳುತ್ತಿದ್ದಳು.

ಐಟಿಐ ಓದಿದ್ದ ಅವಳು ಶ್ರೀರಾಂಪುರಕ್ಕೆ ಸೊಸೆಯಾಗಿ ಬಂದ ಮೇಲೆ ಹಿತ್ತಿಲ ಶೆಡ್ಡಿನಲ್ಲಿ ಮೋಟರು ರಿಪೇರಿ ಹಚ್ಚಿಕೊಂಡಿದ್ದಳು. ಕೆಲಸ ಬೇಕಾದಷ್ಟು ಬರುತ್ತಿತ್ತು, ಸಾಮಾನು ಮಾತ್ರ ನಿಲ್ಲುತ್ತಿರಲಿಲ್ಲ. ಗಂಡ ಪ್ರದೀಪ್‌ಗೆ ಯಾರಿಗೂ ಇಲ್ಲ ಅನ್ನಲು ಬಾರದು. ಸ್ಪ್ಯಾನರ್ ಕೇಳಿದವರಿಗೆ ಸ್ಪ್ಯಾನರ್, ಮೀಟರ್ ಕೇಳಿದವರಿಗೆ ಮೀಟರ್. ಹೋದದ್ದು ಬಂದರೆ ತುಕ್ಕು ಹಿಡಿದು ಬರುತ್ತಿತ್ತು. ಬೇರಿಂಗ್ ಕೀಳುವ ಪುಲ್ಲರ್ ಎಲ್ಲಿ ಹೋಯಿತೋ ತಿಳಿಯದೆ, ನಿನ್ನೆ ಗಿರಾಕಿಯೊಬ್ಬನನ್ನು ಹಾಗೇ ವಾಪಸು ಕಳಿಸಿದ್ದಳು.

ಈರುಳ್ಳಿ ಕೊಯ್ಯುವ ಕೂಲಿಗೆ ಹೋಗಿದ್ದ ಅತ್ತೆ ದುರುಗಕ್ಕ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತಳು. ಅವಳ ಜೊತೆ ಈರುಳ್ಳಿ ಘಾಟೂ ಒಳಗೆ ಬಂತು.

"ಇನ್ನೂ ಮುಗೀಲಿಲ್ಲೇನೇ ನಿನ್ ಬಡಗಿ ಕೆಲ್ಸ?"

"ಬಾಗ್ಲು ಕೂರ್ತಾ ಇಲ್ಲ ಅತ್ತೆ."

"ಒಂದು ಬೀರು ತಗಂಡಿದ್ರೆ ಆಗ್ತಿತ್ತಪ್ಪ," ಅನ್ನುತ್ತ ದುರುಗಕ್ಕ ಹೊಸ್ತಿಲ ಮೇಲೇ ಕುಂತುಬಿಟ್ಟಳು. ಒಳಗೆ ಹೋಗಿ ಕೈಕಾಲು ತೊಳೆಯುವಷ್ಟು ತ್ರಾಣವೂ ಅವಳಲ್ಲಿ ಇದ್ದಂತೆ ಕಾಣಲಿಲ್ಲ.

ಅಷ್ಟರಲ್ಲಿ ಮನೆ ಮುಂದೆ ಬೈಕು ನಿಂತ ಸದ್ದಾಯಿತು. ಪ್ರದೀಪ್ ತಾಯಿಯನ್ನು ದಾಟಿಕೊಂಡು ಒಳಗೆ ಬಂದವನೇ ಡ್ರಿಲ್ ಮಿಷಿನ್ ಎತ್ತಿಕೊಂಡು ಅದರ ವೈರು ಸುತ್ತತೊಡಗಿದ.

"ಮುದ್ದಣ್ಣ ಬಂದಾನೆ. ಗೇಟಿಗೆ ತೂತು ಹಾಕ್ಬೇಕಂತೆ. ಕೆಲ್ಸ ಆದ್ಮೇಲೆ ತಂದ್ಕೊಡ್ತಾನೆ."

"ನಂದಿನ್ನೂ ಕೆಲ್ಸ ಐತೆ ರೀ."

"ಈಗ ಸುಮ್ನೆ ಕುಂತಿದೀಯಲ್ಲ." ಅವನ ದನಿಯಲ್ಲಿ ಕೋಪವಿರಲಿಲ್ಲ. ಅವನಿಗೆ ಕೋಪ ಬರುವುದೇ ಅಪರೂಪ. "ಕೊಡ್ತೀನಿ ಅಂದ್ಬಿಟ್ಟಿದೀನಿ. ಬಿಸ್ಲಾಗೆ ನಿಂತಾನೆ, ಪಾಪ."

ಸುಷ್ಮಿತಾ ಬಿಚ್ಚಿದ ಸ್ಕ್ರೂಗಳನ್ನು ಒಂದೊಂದಾಗಿ ಆರಿಸಿಟ್ಟುಕೊಂಡಳು. ಹೇಳುವುದನ್ನೆಲ್ಲ ಹಿಂದೆಯೇ ಹೇಳಿಯಾಗಿತ್ತು, ಮತ್ತೆ ಹೇಳಲು ಬೇಸರವಾಯಿತು.

ದುರುಗಕ್ಕ ಮಂಡಿಯ ಮೇಲೆ ಕೈಯೂರಿ ಎದ್ದಳು. ಒಳಗೆ ಬಂದು, ಗೋಡೆಗೊರಗಿಸಿದ್ದ ಬಾಗಿಲನ್ನೆತ್ತಿ ಚೌಕಟ್ಟಿಗೆ ಹಿಡಿದಳು.

"ಮಿಷಿನ್ ಅವಳ ಕೈಗೆ ಕೊಡು," ಅಂದಳು ಮಗನಿಗೆ.

"ಅವ್ವ, ಅವನಿಗೆ ಏನಂತ ಹೇಳ್ಲಿ?"

"ನಮ್ಮವ್ವ ಬಿಡ್ಲಿಲ್ಲ ಅನ್ನು. ಕೆಟ್ಟೋಳು ನಾನಾಗ್ತೀನಿ, ಹೋಗು."

ಪ್ರದೀಪ್ ಇಬ್ಬರ ಮುಖವನ್ನೂ ನೋಡಿದ. ಮಿಷಿನನ್ನು ಹೆಂಡತಿಯ ಪಕ್ಕ ಇಟ್ಟು, ತಲೆ ಕೆರೆದುಕೊಳ್ಳುತ್ತ ಹೊರಗೆ ಹೋದ.

ಸುಷ್ಮಿತಾ ಅರ ತೆಗೆದುಕೊಂಡು ತಾಕುತ್ತಿದ್ದ ಮೂಲೆಯನ್ನು ಉಜ್ಜಿದಳು. ದುರುಗಕ್ಕ ಬಾಗಿಲು ಹಿಡಿದೇ ನಿಂತಿದ್ದಳು. ತೋಳು ಸೋತಾಗ ಹಲಗೆಗೆ ಭುಜ ಕೊಟ್ಟಳು.

"ನಿಮ್ಮಾವ್ನೂ ಹಿಂಗೇ," ಅಂದಳು, ಹಲಗೆಯ ಕಡೆಗೇ ಮುಖ ಮಾಡಿಕೊಂಡು. ಮಾವ ಮೂರ್ತಪ್ಪ ತೀರಿಹೋಗಿ ಬಹಳ ಕಾಲವಾಗಿತ್ತು. "ಯಾರು ಕೇಳಿದ್ರೂ ಇಲ್ಲ ಅಂದೋನಲ್ಲ. ನಮ್ಮವ್ವ ಕೊಟ್ಟಿದ್ದ ಹಂಡೆ ಯಾರ್ದೋ ಮದ್ವೆಗೆ ಹೋತು, ಬರ್ಲಿಲ್ಲ. ನಾನಿನ್ನೂ ಮಡಿಕೆ ಬಿಚ್ಚದಿದ್ದ ಸೀರೆ ಅವನ ತಂಗಿ ಉಟ್ಕಂಡು ಹೋದ್ಲು, ಅದೂ ಬರ್ಲಿಲ್ಲ. ಊರಾಗೆಲ್ಲ ಮೂರ್ತಪ್ಪ ಬಾಳ ಒಳ್ಳೆ ಮನ್ಷ."

"ನೀವೇನೂ ಅನ್ಲಿಲ್ವಾ ಅತ್ತೆ?"

ದುರುಗಕ್ಕ ಬಾಗಿಲಿನ ಅಡಿಗೆ ಕೈ ಕೊಟ್ಟು, "ಇನ್ನೊಂಚೂರು ಮೇಲೆತ್ಲೇನು?" ಅಂದಳು.

ದೀಪ ಹಚ್ಚುವ ಹೊತ್ತಿಗೆ ಬಾಗಿಲು ಕೂತಿತು. ತಾಮ್ರದ ತಂತಿಯ ಉರುಳೆಗಳು, ಮೀಟರು, ಉಳಿದಿದ್ದ ಸ್ಪ್ಯಾನರುಗಳು ಎಲ್ಲ ಒಳಗೆ ಸೇರಿದವು. ಸುಷ್ಮಿತಾ ಬೀಗ ಹಾಕಿದಳು. ದುರುಗಕ್ಕ ಆಗಲೂ ಹೋಗಲಿಲ್ಲ. ಕಪಾಟಿನ ಕೆಳಗೆ ಬಾಗಿಲಿಲ್ಲದೆ ಉಳಿದಿದ್ದ ಸಣ್ಣ ಖಾನೆಯನ್ನು ನೋಡುತ್ತಿದ್ದಳು.

"ಇದಕ್ಕೂ ಒಂದು ಬಾಗ್ಲು ಮಾಡು."

"ಅಲ್ಲಿ ವಾರ್ನಿಷ್ ಡಬ್ಬ ಇಡಾಣ ಅಂತಿದ್ದೆ ಅತ್ತೆ."

"ಅದನ್ನ ಬೇರೆ ಕಡೆ ಇಡು. ಇದು ನಂಗೆ ಬೇಕು."

ಮದುವೆಯಾಗಿ ಬಂದಾಗಿನಿಂದ ಅತ್ತೆ ತನಗೆಂದು ಏನನ್ನಾದರೂ ಕೇಳಿದ್ದು ಸುಷ್ಮಿತಾಗೆ ನೆನಪಿರಲಿಲ್ಲ. ಸೊಂಟ ನೋಯುತ್ತಿದ್ದರೂ ಉಳಿದ ಹಲಗೆ ಹುಡುಕಿ ಮತ್ತೆ ಗರಗಸ ಹಿಡಿದಳು. ಮರುದಿನ ಆ ಖಾನೆಗೂ ಬಾಗಿಲು ಬಂತು, ಚಿಲಕ ಬಂತು. ಬೀಗವನ್ನು ದುರುಗಕ್ಕ ತಾನೇ ಅಂಗಡಿಯಿಂದ ತಂದು ಹಾಕಿ, ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅಂದಿನಿಂದ ಕೂಲಿಯಿಂದ ಬಂದವಳು ಮೊದಲು ಶೆಡ್ಡಿಗೆ ಹೋಗಿಯೇ ಆಮೇಲೆ ಮನೆಯೊಳಗೆ ಹೋಗುತ್ತಿದ್ದಳು.

ಒಂದು ಸಂಜೆ ಸುಷ್ಮಿತಾ ಮೋಟರಿಗೆ ತಂತಿ ಸುತ್ತುತ್ತ ಹೇಳಿದಳು: "ಶೆಡ್ಡಾಗೆ ಇಲಿ ಕಾಟ ಐತೆ ಅತ್ತೆ. ತಿನ್ನೋ ವಸ್ತು, ಬಟ್ಟೆಬರೆ ಏನಾರ ಇಟ್ಟಿದ್ರೆ ಒಂದ್ಸಲ ತೆಗ್ದು ನೋಡ್ಕಳ್ರಿ."

"ಇಡಾಕೆ ನಂದೇನೈತೆ? ಖಾಲಿ ಐತೆ," ಅಂದಳು ದುರುಗಕ್ಕ. ಬಗ್ಗಿ ಬೀಗವನ್ನು ಒಮ್ಮೆ ಜಗ್ಗಿ ನೋಡಿ, ಒಳಗೆ ಹೋಗಿ ಮಲಗಿದಳು.