ಹಾರ್ಲನ್ ಸಾಹೇಬರ ಜಿಂಕೆ

ಹಾರ್ಲನ್ ಸಾಹೇಬರು ಈ ಸಲ ಜಿಂಕೆಯನ್ನು ಕೊಲ್ಲದೆ ಬಿಟ್ಟು ಬಂದಿದ್ದಾರಂತೆ ಎಂಬ ಸುದ್ದಿ ಕೇಳಿ ಕೊಲ್ಲಿ ನಾಡಿನ ರಾಸ್ ಲಫಾನಿನ ಆಫೀಸಿನಲ್ಲಿ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ಅವರ ಗುಮಾಸ್ತ ಕಜೆತಾನ್. ಅವನ ಅಂಗಿಯ ಜೇಬಿನಲ್ಲಿ ಮಡಚಿಟ್ಟ ಅರ್ಜಿಯೊಂದಿತ್ತು. ದೋಹಾದ ಬೇರೊಂದು ಕಂಪೆನಿ ಅವನಿಗೆ ಕೆಲಸ ಕೊಡಲು ತಯಾರಿತ್ತು, ಅದೂ ಫ್ಯಾಮಿಲಿ ವೀಸಾದ ಜತೆಗೆ. ಇವನನ್ನು ಕಳಿಸಿಕೊಡಲು ನಮ್ಮದೇನೂ ಅಡ್ಡಿಯಿಲ್ಲ ಎಂದು ಸಾಹೇಬರು ಒಂದು ಸಹಿ ಗೀಚಿದರೆ ಸಾಕು, ಹೆಂಡತಿ ಬರ್ನಡೆಟ್ಟೂ ಮಗಳು ಮೆಲನಿಯೂ ಊರಿನಿಂದ ಹೊರಟು ಬರಬಹುದು. ಗೀಚದಿದ್ದರೆ ಖಲಾಸ್. ಹೆಂಡತಿ, ಮಗಳು ಇದ್ದೂ ಕಂಪೆನಿಯ ಲೆಕ್ಕದಲ್ಲಿ 'ಬ್ಯಾಚುಲರ್' ಎನಿಸಿಕೊಂಡು ಅಲ್ ಖೋರಿನ ಕೋಣೆಯಲ್ಲಿ ಒಬ್ಬನೇ ಗಂಜಿ ಬೇಯಿಸಿಕೊಳ್ಳುತ್ತಿರಬೇಕು.

ಡಿಸೆಂಬರಿನವರೆಗೆ ಅವನು ಕಾದದ್ದು ಸುಮ್ಮನೆ ಅಲ್ಲ. ಸಾಹೇಬರು ಪ್ರತಿ ನವೆಂಬರಿನಲ್ಲಿ ರಜೆ ಹಾಕಿ, ಅಮೆರಿಕದಲ್ಲಿರುವ ತಮ್ಮ ಸ್ವಂತ ಕಾಡಿಗೆ ಬಿಲ್ಲುಬಾಣ ಹಿಡಿದು ಬೇಟೆಗೆ ಹೋಗುವವರು. ಮರಳಿ ಬಂದ ಮೇಲೆ ಒಂದು ವಾರ ಬೆಣ್ಣೆಯಂತೆ ಮೆತ್ತಗಿರುತ್ತಿದ್ದರು. ಆಮೇಲೆ ಮತ್ತದೇ ಚಾಳಿ, ಫ್ಯಾಕ್ಸ್ ಬರುವುದು ತುಸು ತಡವಾದರೂ ಮೇಜು ಗುದ್ದುವುದು. ಕೇಳುವುದಿದ್ದರೆ ಆ ಒಂದು ವಾರದೊಳಗೇ ಕೇಳಬೇಕು.

ಒಳಗೆ ಹೋದವನನ್ನು ಸಾಹೇಬರು ಕೂರಿಸಿಕೊಂಡರು. ಮೇಜಿನ ತುಂಬ ಫೋಟೋ ಹರಡಿ ತಮ್ಮ ಕಥೆ ತೆಗೆದರು. ಹುಡುಗಾಟದ ವಯಸ್ಸಿನಲ್ಲಿ ಕದಲಿದ್ದಕ್ಕೆಲ್ಲ ಬಾಣ ಬಿಡುತ್ತಿದ್ದರಂತೆ. ಒಮ್ಮೆ ಗಾಯಗೊಂಡ ಹೆಣ್ಣು ಜಿಂಕೆಯೊಂದು ಪೊದೆಗಳ ನಡುವೆ ಕಣ್ಮರೆಯಾಗಿ, ಎಷ್ಟು ಹುಡುಕಿದರೂ ಸಿಗದೆ, ನಾಚಿಕೆಯಿಂದ ಊಟ ಬಿಟ್ಟರಂತೆ. ಆಮೇಲೆ ಕೊಂಬಿರುವುದನ್ನು ಮಾತ್ರ ಹೊಡೆದರು. ಆಮೇಲೆ ಮುದಿಯಾದದ್ದನ್ನು ಮಾತ್ರ. ಮರದ ಮೇಲಿನ ಅಟ್ಟಣೆಯಲ್ಲಿ ಮೂಗು ತುರಿಸಿದರೂ ಕೆರೆದುಕೊಳ್ಳದೆ ಕೂತು ಕೂತು ಮನುಷ್ಯನಾದೆ ಎಂದರು. ಬಿಲ್ಲು ತಮಗೆ ತಾಳ್ಮೆ ಕಲಿಸಿತು, ತಾಳ್ಮೆಯಿಂದ ವಿನಯ ಬಂತು ಎಂದರು. ಈ ವರ್ಷ ಕವಲುಗೊಂಬಿನ ದೊಡ್ಡ ಗಂಡು ಜಿಂಕೆಯೊಂದು ಎದುರಿಗೇ ಬಂದು ನಿಂತಿತ್ತು. ಹೆದೆಯನ್ನು ಕಿವಿಯವರೆಗೆ ಎಳೆದಿದ್ದರು. ಅದು ತಲೆಯೆತ್ತಿ ನೋಡಿತು, ಇವರು ಬಿಲ್ಲು ಇಳಿಸಿಬಿಟ್ಟರು. ಹೇಳುತ್ತಾ ಹೇಳುತ್ತಾ ಸಾಹೇಬರ ಕಣ್ಣು ಒದ್ದೆಯಾಯಿತು. ಅಬ್ಬಾ, ಮೇಜು ಗುದ್ದುವ ಕೈಯಲ್ಲಿ ಕರವಸ್ತ್ರ!

"ಹೊಡೆಯುವುದನ್ನು ಯಾರು ಬೇಕಾದರೂ ಕಲಿಯಬಹುದು, ಕಜೆತಾನ್. ಬಿಟ್ಟುಕೊಡುವುದನ್ನು ಕಲಿಯಲು ನನಗೆ ಅರ್ಧ ಆಯುಷ್ಯ ಬೇಕಾಯಿತು," ಎಂದರು.

ಇನ್ನೇನು ಬೇಕು? ಕಜೆತಾನನ ಕೈ ತಾನಾಗಿ ಜೇಬಿಗೆ ಹೋಯಿತು. ಆದರೆ ಎದುರಿನವರು ಕಣ್ಣೊರೆಸಿಕೊಳ್ಳುತ್ತಿರುವಾಗ ತಟ್ಟನೆ ಅರ್ಜಿ ಚಾಚುವುದು ಚೆಂದವಲ್ಲವೆಂದು, ಮರ್ಯಾದೆಗೊಂದು ಮಾತು ಕೇಳಿದ: ಪಾಪ, ಆ ಜಿಂಕೆ ಈಗ ಎಲ್ಲಿಗೆ ಹೋಗಿರಬಹುದು?

ಎಲ್ಲಿಗೂ ಹೋಗುವುದಿಲ್ಲ ಎಂದು ಸಾಹೇಬರು ನಕ್ಕರು. ದಿನಾ ಒಂದೇ ಜಾಗದಲ್ಲಿ ಜೋಳ ಸುರಿಯಲು ಆಳನ್ನು ಇಟ್ಟಿದ್ದಾರಂತೆ. ಜಿಂಕೆ ತಪ್ಪದೆ ಬಂದು ತಿನ್ನುತ್ತದೆ. ಮುಂದಿನ ನವೆಂಬರಿಗೆ ಕೊಂಬು ಇನ್ನೂ ಕವಲೊಡೆದಿರುತ್ತದೆ. ಆಗ ನೋಡೋಣ ಎಂದರು.

"ಬೇಲಿ ಹಾರಿ ಪಕ್ಕದವರ ಕಾಡಿಗೆ ಹೋದ್ರೆ, ಸರ್?"

ಸಾಹೇಬರ ನಗು ನಿಂತಿತು. "ಆ ಕಡೆ ಮುಖ ಮಾಡಿದ ದಿನವೇ ಹೊಡೆಯುತ್ತೇನೆ. ಜೋಳ ಹಾಕಿದವನು ನಾನು. ಪಕ್ಕದವನಿಗೆ ಯಾಕೆ ಬಿಡಲಿ?"

ಕಜೆತಾನನ ಕೈ ಜೇಬಿನಿಂದ ಬರಿದೇ ಹೊರಬಂತು. ಸ್ಟೋರಿನ ಹೆನ್ರಿ ಹೋದ ವರ್ಷ ಇಂಥದೇ ಅರ್ಜಿ ಕೊಟ್ಟಿದ್ದ. ಅದೇ ವಾರ ಅವನ ವೀಸಾ ರದ್ದಾಗಿ, ಟಿಕೆಟು ಕೈಗೆ ಬಂದು, ಈಗ ಊರಿನಲ್ಲಿ ಮಾವನ ಬೇಕರಿಯಲ್ಲಿ ಬನ್ನು ಮಾರುತ್ತಿದ್ದಾನೆ. ಆಗ ಸಾಹೇಬರಿಗೆ ಯಾಕೆ ಅಷ್ಟು ಸಿಟ್ಟು ಬಂತೆಂದು ಯಾರಿಗೂ ಅರ್ಥವಾಗಿರಲಿಲ್ಲ.

ಅದಿರಲಿ, ನೀನು ಬಂದದ್ದು ಯಾಕೆ ಎಂದು ಸಾಹೇಬರು ಕೇಳಿದರು. ಕಜೆತಾನನ ತಲೆ ಜನ್ಮದಲ್ಲೇ ಅಷ್ಟು ಚುರುಕಾಗಿ ಓಡಿರಲಿಲ್ಲ. ರೂಮಿನ ಎ.ಸಿ. ತುಂಬಾ ಸದ್ದು ಮಾಡುತ್ತದೆ ಎಂದುಬಿಟ್ಟ. ಡಿಸೆಂಬರಿನ ಚಳಿಯಲ್ಲಿ ಎ.ಸಿ.ಯ ದೂರು! ಸಾಹೇಬರಿಗೆ ಅದೇನೂ ಹೊಳೆಯಲಿಲ್ಲ. ಬದಲಿಗೆ ಮುಖ ಅರಳಿತು. ಚಿಕ್ಕದು ಬೇಡ, ದೊಡ್ಡದನ್ನೇ ಹಾಕಿಸಿಕೋ, ನೀನು ನಮ್ಮಲ್ಲಿ ಸುಖವಾಗಿರಬೇಕು ಎಂದು ಅಲ್ಲೇ ಒಂದು ಚೀಟಿಗೆ ಸಹಿ ಮಾಡಿ, ಭುಜ ತಟ್ಟಿ ಕಳಿಸಿದರು.

ಶುಕ್ರವಾರ ಫೋನಿನಲ್ಲಿ ಬರ್ನಡೆಟ್ ಬೇರೇನೂ ಮಾತಾಡದೆ ಮೊದಲು ಸಹಿಯ ವಿಷಯವನ್ನೇ ಕೇಳಿದಳು. ಮೆಲನಿಯನ್ನು ಬಿಡಿಸುವ ವಿಷಯ ಸ್ಕೂಲಿನಲ್ಲಿ ಹೇಳಬೇಕಲ್ಲ, ಅದಕ್ಕೆ. ಕಜೆತಾನ್ ಜಿಂಕೆ, ಜೋಳ, ಬೇಲಿ ಎಲ್ಲವನ್ನೂ ಹೇಳಿದ. ಫೋನ್ ಕಾರ್ಡಿನಲ್ಲಿ ದುಡ್ಡು ಕರಗುತ್ತಿತ್ತು. ಅರ್ಜಿ ಕೊಡಲಿಲ್ಲ, ಅವರು ಒಂದು ಎ.ಸಿ. ಕೊಟ್ಟಿದ್ದಾರೆ ಎಂದು ಕೊನೆಗೆ ಹೇಳಿದ.

"ದೊಡ್ಡದಾ?" ಬರ್ನಡೆಟ್ ಕೇಳಿದಳು.

"ದೊಡ್ಡದೇ," ಎಂದ ಕಜೆತಾನ್. "ಮೂರು ಜನಕ್ಕೆ ಧಾರಾಳ ಸಾಕು."