ಬಿಳಿ ಚೀಟಿ

ಕೊಡಿಗೇಹಳ್ಳಿಯ ಚರ್ಚಿನಲ್ಲಿ ಪ್ರಾರ್ಥನೆಗೆ ಹೆಸರು ಬರೆಸುವ ಮೇಜಿನ ಮೇಲೆ ಅಂತೋಣಮ್ಮನ ಕೈ ಎರಡು ಕಟ್ಟುಗಳ ನಡುವೆ ನಿಂತುಬಿಟ್ಟಿತು. ಹಳದಿ ಚೀಟಿ ಬದುಕಿರುವವರಿಗೆ, ಬಿಳಿ ಚೀಟಿ ಸತ್ತವರಿಗೆ. ಯಲಹಂಕದಲ್ಲಿ ರೈಲು ಹತ್ತಿದ ಮಗ ಇನ್ನಾಸಪ್ಪನ ಸುಳಿವಿಲ್ಲದೆ ಏಳು ವರ್ಷವಾಗಿತ್ತು. ಏಳು ವರ್ಷವೂ ಅವನ ಹೆಸರು ಹಳದಿ ಚೀಟಿಯಲ್ಲೇ ಇತ್ತು. ಬಿಳಿಯದನ್ನು ಮುಟ್ಟಿದರೆ ಹೆತ್ತವಳೇ ಕೊಂದಂತೆ ಎಂದುಕೊಂಡಿದ್ದಳು.

ಆದರೆ ಸತ್ತವರ ಹಬ್ಬದ ಈ ಬೆಳಗಿನ ಪೂಜೆಯಲ್ಲಿ ಫಾದರ್ ಆಡಿದ ಮಾತು ಎದೆಗೆ ನಾಟಿತ್ತು. ಸತ್ತ ಮೇಲೆ ಪಾಪ ಕಳೆಯಲು ಶುದ್ಧೀಕರಣದ ಬೆಂಕಿಯಲ್ಲಿ ಬೇಯುವ ಆತ್ಮ ತನ್ನ ಬಿಡುಗಡೆಗಾಗಿ ತಾನೇ ಬೇಡಿಕೊಳ್ಳಲಾರದು, ಮನೆಯವರೇ ಬೇಡಬೇಕು. ಹಾಗಾದರೆ ಅವನು ಅಂದೇ ಸತ್ತಿದ್ದರೆ? ಇಷ್ಟು ವರ್ಷ ತನ್ನ ಆಸೆಯೇ ಮಗನನ್ನು ಬೆಂಕಿಯಲ್ಲಿ ಕೂರಿಸಿತ್ತೇ?

ಅವಳು ಬಿಳಿ ಚೀಟಿಯೊಂದನ್ನು ಎಳೆದು, ಹೆಸರು ಬರೆದುಕೊಳ್ಳಲು ಕೂತಿದ್ದ ಉಪದೇಶಿ ಚೌರಪ್ಪನ ಮುಂದಿಟ್ಟಳು. "ಇನ್ನಾಸಪ್ಪ ಅಂತ ಬರೀರಿ."

ಚೌರಪ್ಪ ತಲೆ ಎತ್ತಿದ. "ಏನಾದ್ರೂ ಸುದ್ದಿ ಬಂತೇನಮ್ಮಾ?"

"ಇಲ್ಲ. ಬರೀರಿ."

ಹೆಸರು ಬರೆದ ಪೆನ್ನು ಕೆಳಗಿನ ಸಾಲಿಗೆ ಬಂದು ನಿಂತಿತು. "ತೀರ್ಕೊಂಡ ದಿನ ಯಾವ್ದಮ್ಮಾ?"

ಅಂತೋಣಮ್ಮ ಗೋಡೆಯ ಕ್ಯಾಲೆಂಡರ್ ನೋಡಿದಳು.

"ಇವತ್ತು ಅಂತ್ಲೇ ಬರ್ಕೊಳ್ಳಿ."