ಕರಡಿಗೆ ಬಿಚ್ಚಿದ ದಿನ

ಬಳೆ, ಓಲೆ, ಕಾಲುಂಗುರ, ಕೊನೆಗೆ ತಾಳಿಯನ್ನೂ ದ್ರಾಕ್ಷಾಯಣಮ್ಮ ಮರುಮಾತಿಲ್ಲದೆ ಬಿಚ್ಚಿ ಗಂಡನ ಟವೆಲ್ಲಿಗೆ ಹಾಕಿದಳು. ಕೊರಳಿನ ಬೆಳ್ಳಿ ಕರಡಿಗೆಗೆ ಕೈ ಹೋದದ್ದೇ, ಎಂಆರ್‌ಐ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು.

“ಅದನ್ನೂ ತೆಗೀಬೇಕಮ್ಮ. ಒಳಗೆ ದೊಡ್ಡ ಅಯಸ್ಕಾಂತ ಇದೆ” ಎಂದಳು ಮಿಷನ್ ನೋಡಿಕೊಳ್ಳುವ ಗಾನವಿ.

“ಇದ್ರಾಗೆ ಇಷ್ಟಲಿಂಗ ಐತೆ ಕಣವ್ವ. ದೀಕ್ಷೆ ಆದಾಗಿಂದ ಮೈಯಿಂದ ಬೇರೆ ಮಾಡಿಲ್ಲ. ಗೂಟಕ್ಕೆ ನೇತಾಕಕ್ಕೆ ಆಯ್ತದಾ? ನಡೀರಿ, ಊರಿಗೆ ಹೋಗಾನ.”

ಗಂಡ ತೋಂಟದಾರ್ಯ ಅಡ್ಡ ಬಂದು ನಿಂತ. ಹೊನ್ನವಳ್ಳಿಯಿಂದ ಇವಳನ್ನು ಹೊರಡಿಸುವಷ್ಟರಲ್ಲೇ ಅವನಿಗೆ ಸಾಕುಸಾಕಾಗಿತ್ತು. ಎಡ ಸ್ತನದ ಗಂಟು ಕ್ಯಾನ್ಸರ್ ಎಂದು ಆಗಲೇ ತಿಳಿದಿತ್ತು. ನರಕ್ಕೆ ಔಷಧಿ ಬಿಟ್ಟು ತೆಗೆಯುವ ಈ ಚಿತ್ರ ನೋಡಿದ ಮೇಲೇ, ಗಂಟಷ್ಟೇ ತೆಗೆದರೆ ಸಾಕೋ, ಇಡೀ ಸ್ತನವನ್ನೇ ತೆಗೆಯಬೇಕೋ ಎಂದು ಡಾಕ್ಟರು ಹೇಳುವವರಿದ್ದರು. “ಕೊಬ್ಬರಿ ಆಗೈತಾ ಅಂತ ಕಾಯಿ ಒಡೀದೇ ಅಲ್ಲಾಡ್ಸಿ ತಿಳ್ಕಳಾಕಿಲ್ವಾ, ಅಂಗೇ ಕಣೇ” ಎಂದು ಬಸ್ಸಿನುದ್ದಕ್ಕೂ ಧೈರ್ಯ ತುಂಬಿದ್ದ.

“ಅಂಗ ಬಿಟ್ಟು ಲಿಂಗ ಇರಬಾರ್ದು, ಅಷ್ಟೇ ತಾನೇ? ತತ್ತಾ, ನನ್ನ ಕೈಮೇಲೆ ಇಡು.”

“ನಿಮ್ ಮೈಮೇಲೆ ನಿಮ್ದೇ ಲಿಂಗ ಐತಲ್ರೀ.”

“ನನ್ನ ಮೈ ನಿಂದಲ್ವೇನೇ?”

ದ್ರಾಕ್ಷಾಯಣಮ್ಮ ಕೊರಳಿಂದ ಕರಡಿಗೆ ಬಿಚ್ಚಿದಳು. ಅದರಿಂದ ಲಿಂಗ ತೆಗೆದು, ಕಣ್ಣಿಗೊತ್ತಿಕೊಂಡು, ಅವನ ಎಡ ಅಂಗೈ ಮೇಲಿಟ್ಟು ಒಳಗೆ ಹೋದಳು.

ಅವಳು ಬೋರಲು ಮಲಗಿ ಮಿಷನ್ನಿನ ಗುದ್ದಾಟ ಕೇಳುತ್ತಿದ್ದಷ್ಟು ಹೊತ್ತೂ ತೋಂಟದಾರ್ಯ ಹೊರಗೆ ಅಂಗೈ ಚಾಚಿ ಕೂತಿದ್ದ. ಮಹಾ ಬಾಯಿಬಡುಕ, ಪಕ್ಕದವರು ಯಾವೂರು ಎಂದು ಕೇಳಿದರೂ ತುಟಿ ಬಿಚ್ಚಲಿಲ್ಲ. ಅವಳು ಬಂದು ಲಿಂಗ ಕಟ್ಟಿಕೊಂಡ ಮೇಲೆಯೇ ಜೋಮು ಹಿಡಿದ ಕೈ ಕೊಡವಿದ್ದು.

ಸಂಜೆ ಡಾಕ್ಟರು ಕರೆದರು. ಬಲಗಡೆ ಚೊಕ್ಕವಾಗಿದೆ. ಎಡಗಡೆ ಮಾತ್ರ ಗಂಟಿನಿಂದಾಚೆಗೂ ಹರಡಿರುವುದು ಚಿತ್ರದಲ್ಲಿ ಕಂಡಿದೆ. ಪೂರ್ತಿ ತೆಗೆಯಬೇಕು, ವಾಸಿಯಾಗುವ ಸಾಧ್ಯತೆ ಚೆನ್ನಾಗಿದೆ ಎಂದರು.

ಹೊರಗಿನ ಬೆಂಚಿನಲ್ಲಿ ದ್ರಾಕ್ಷಾಯಣಮ್ಮ ಸೆರಗು ಬಿಗಿಯಾಗಿ ಹೊದ್ದು ಕೂತಳು. “ಒಂದ್ ಕಡೆ ಬಯಲಾಗೋಯ್ತದಲ್ರೀ. ನಿಮ್ಗೆ ನನ್ನ ನೋಡಾಕೆ...” ಸೆರಗಿನಿಂದ ಕಣ್ಣೊರೆಸಿಕೊಂಡಳು.

ತೋಂಟದಾರ್ಯನ ಕಣ್ಣೂ ತುಂಬಿತ್ತು. ಅವಳ ಎದೆ ನಡುವಿನ ಕರಡಿಗೆಯನ್ನು ಮೆಲ್ಲಗೆ ಎಡಕ್ಕೆ ಸರಿಸಿ ಹೇಳಿದ:

“ಇಷ್ಟು ವರ್ಸ ಶಿವ ಇಕ್ಕಟ್ನಾಗೆ ಕುಂತಿದ್ದ ಕಣೇ. ಇನ್ಮೇಲೆ ಕಾಲು ಚಾಚ್ಕಂಡು ಆರಾಮಾಗಿ ಇರ್ತಾನೆ ಬುಡು.”